ಪಿಕಪ್ಪಿನ ತಗ್ಗಿದ ಮೂಗು

ಅಮ್ಮ ಸುಂದರಿಯ ವರ್ಷಾಂತಿಕಕ್ಕೆಂದು ಮಸ್ಕತ್‌ನಿಂದ ಬಂದ ಶೋಧನನ ಕಣ್ಣಿಗೆ ಮೊದಲು ಚುಚ್ಚಿದ್ದು ಪಿಕಪ್ಪಿನ ಮೂಗು. ಅಪ್ಪ ಮುಂಡಪ್ಪ ಮಗುವಿನ ಹಾಗೆ ಸಾಕಿದ ಹಳೇ ಗಾಡಿ. ಬಣ್ಣ ಮಾಸಿಲ್ಲ, ಎಂಜಿನ್ ಕೆಮ್ಮುವುದಿಲ್ಲ. ಆದರೆ ಮುಂಭಾಗ ಮಾತ್ರ ನೆಲ ಮೂಸುವಂತೆ ತಗ್ಗಿ ನಿಂತಿತ್ತು. ಮೂಡಬಿದ್ರೆಯ ಹಳೇ ವಾಹನಗಳ ಪ್ರದರ್ಶನದಲ್ಲಿ ಇದನ್ನು ನಿಲ್ಲಿಸಿದರೆ ಮರ್ಯಾದೆ ಏನಾಗಬೇಕು?

ಅಪ್ಪನನ್ನು ಒಂದು ಮಾತು ಕೇಳಬಹುದಿತ್ತು. ಗಲ್ಫಿನಿಂದ ಬಂದವರಿಗೆ ಹೇಳುವುದು ಅಭ್ಯಾಸ, ಕೇಳುವುದಲ್ಲ. ಜ್ಯಾಕ್ ಕೊಟ್ಟು ಗಾಡಿಯ ಅಡಿಗೆ ನುಗ್ಗಿದ, ಎತ್ತರ ಹಿಡಿದಿಡುವ ಎರಡು ಬೋಲ್ಟ್‌ಗಳನ್ನು ಸಮವಾಗಿ ಬಿಗಿದ, ಜ್ಯಾಕ್ ಇಳಿಸಿ ಗಾಡಿಯನ್ನು ಹಿಂದೆ ಮುಂದೆ ತಳ್ಳಿ ಸಸ್ಪೆನ್ಷನ್ ಕೂರಿಸಿದ. ಮೂಗು ಅರ್ಧ ಗೇಣು ಎದ್ದಿತ್ತು. ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಲೇ ಇದ್ದರು.

ಪ್ರದರ್ಶನದಲ್ಲಿ ಯಾರೋ ಮೈಕ್ ಹಿಡಿದದ್ದೇ ತಡ, ಶೋಧನನ ನಾಲಿಗೆ ಉದ್ದವಾಯಿತು. "ಅಪ್ಪ ನೋಡಿಕೊಳ್ಳದೆ ಗಾಡಿಯ ಮುಂಭಾಗ ಕೂತೇ ಹೋಗಿತ್ತು. ನಾನು ಬಂದು ಎಬ್ಬಿಸಬೇಕಾಯ್ತು." ಜನ ನಕ್ಕರು. ಜನರ ನಡುವೆ ನಿಂತಿದ್ದ ಅಪ್ಪನೂ ಸಣ್ಣಗೆ ನಕ್ಕರು.

ನಗದವರು ದಮಯಂತಿ ಒಬ್ಬರೇ. ನೆರೆಮನೆಯವರು, ಅಮ್ಮನ ಜೊತೆ ಬಿ.ಸಿ.ರೋಡಿನ ಆಸ್ಪತ್ರೆಗೆ ಹೋಗಿ ಬರುತ್ತಿದ್ದವರು. ಮೈಕ್ ಆಚೆ ಹೋದ ಮೇಲೆ ಹತ್ತಿರ ಬಂದರು.

"ಕೂತು ಹೋದದ್ದಲ್ಲ ಶೋಧನ್. ನಿನ್ನ ಅಪ್ಪನೇ ಇಳಿಸಿದ್ದು. ಆಸ್ಪತ್ರೆಗೆ ಹೊರಟಾಗ ಗಾಡಿ ಹತ್ತಲು ಸುಂದರಿಗೆ ಕಾಲು ಎತ್ತಲಿಕ್ಕೆ ಆಗ್ತಿರಲಿಲ್ಲ. ಎತ್ತಿ ಕೂರಿಸುವ ಅಂದ್ರೆ ಜನ ನೋಡ್ತಾರೆ ಅಂತ ಬಿಡ್ತಿರಲಿಲ್ಲ. ಹಾಗೆ ಇವರು ಗಾಡಿಯನ್ನೇ ಬಗ್ಗಿಸಿದ್ದು."

"ಬಿಡು ದಮಯಂತಿ," ಅಂದರು ಅಪ್ಪ.

"ನನಗೆ ಯಾಕೆ ಹೇಳಲಿಲ್ಲ?" ಶೋಧನ ಕೇಳಿದ.

"ಹೇಳಬೇಡಿ ಅಂದವಳು ಅವಳೇ. ದೂರದಲ್ಲಿ ಇರುವವನು, ಸುಮ್ಮನೆ ನಿದ್ದೆಗೆಡ್ತಾನೆ ಅಂತ," ಅಂದರು ದಮಯಂತಿ.

ವಿಡಿಯೋ ಕಾಲಿನಲ್ಲಿ ಅಮ್ಮ ಯಾವಾಗಲೂ ಕುರ್ಚಿಯಲ್ಲೇ ಇರುತ್ತಿದ್ದರು. ಸೋಮಾರಿ ಆಗಿದ್ದೀರಿ ಎಂದು ಇವನು ತಮಾಷೆ ಮಾಡುತ್ತಿದ್ದ, ಅವರು ಹೌದು ಎನ್ನುತ್ತಿದ್ದರು. ಅದು ಈಗ ನೆನಪಾಗಿ ಶೋಧನನಿಗೆ ನಾಚಿಕೆಯಾಯಿತು. ಆ ಮೈಕ್‌ನಲ್ಲಿ ಆಡಿದ ಮಾತನ್ನು ಹೇಗೆ ವಾಪಸ್ ತೆಗೆದುಕೊಳ್ಳುವುದು?

ಗಾಡಿಯ ಹಿಂದಿನಿಂದ ಜ್ಯಾಕ್ ತಂದು ಮೂಗು ಎತ್ತಿದ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ, ಅಷ್ಟು ಜನರ ಎದುರು, ಮಣ್ಣಿನಲ್ಲಿ ಮಲಗಿ ಅಡಿಗೆ ನುಗ್ಗಿದ.

"ಇನ್ನು ಯಾರು ಹತ್ತಲಿಕ್ಕುಂಟು ಮಾರಾಯ? ಹಾಗೇ ಇರಲಿ," ಅಂದರು ಅಪ್ಪ.

ಶೋಧನ ಬೋಲ್ಟಿಗೆ ಸ್ಪ್ಯಾನರ್ ಹಾಕಿದ, ಆದರೆ ಕೈ ಅಲ್ಲೇ ನಿಂತಿತು. ಎಷ್ಟು ಇಳಿಸಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಅಮ್ಮನ ಕಾಲು ಎಷ್ಟು ಎತ್ತರಕ್ಕೆ ಏಳುತ್ತಿತ್ತು ಎಂಬುದನ್ನು ಮಗನಾದವನು ಕೇಳಿ ತಿಳಿಯಬೇಕಾಗಿತ್ತು. ಮುಖ ತೋರಿಸದೆ ಅಲ್ಲಿಂದಲೇ ಕೇಳಿದ.

"ಅಪ್ಪ, ಅಮ್ಮನಿಗೆ ಎಷ್ಟು ಬೇಕಿತ್ತು?"

ಅಪ್ಪ ಗಾಲಿಯ ಪಕ್ಕ ಕಷ್ಟಪಟ್ಟು ಬಗ್ಗಿದರು. ಮೊಣಕಾಲಿನಿಂದ ಎಷ್ಟೋ ಕೆಳಗೆ ಅಂಗೈ ಹಿಡಿದು ತೋರಿಸಿದರು. ಆ ಕೈ ತುಂಬ ಹೊತ್ತು ಹಾಗೇ ಇತ್ತು.