ಹೆಬ್ಬೆರಳಿಗೆ ಮಣ್ಣು

"ಬೆರಳೆಲ್ಲಿ?" ಎಂದು ವಿಸಾಲ್ ಸುತ್ತ ನಿಂತವರನ್ನು ಮತ್ತೆ ಕೇಳಿದಳು.

ಬೆಂಚಿನ ಮೇಲೆ ಮಲಗಿಸಿದ್ದ ಖಲಫ್‌ನ ಬಲಗೈಯಲ್ಲಿ ಹೆಬ್ಬೆರಳಿದ್ದ ಜಾಗಕ್ಕೆ ಜೊತೆಯವರು ಕಾಫಿಪುಡಿ ಮೆತ್ತಿದ್ದರು. ರಕ್ತ ಅದನ್ನು ಕೆಸರು ಮಾಡಿಕೊಂಡು ಮೊಣಕೈವರೆಗೆ ಇಳಿದಿತ್ತು. ವಿಸಾಲ್ ಅದರ ಮೇಲೆ ಬಟ್ಟೆ ಒತ್ತಿ, ಅವನ ಕೈಯನ್ನು ಮೇಲೆತ್ತಿ ಹಿಡಿದಳು. ನರ್ಸಿಂಗ್ ಮುಗಿಸಿ ಕೈರೋದ ಹೊರಗಿನ ಈ ಅಮೃತಶಿಲೆ ಕಾರ್ಖಾನೆಗೆ ಬಂದು ಇದು ಎರಡನೇ ವಾರ. ಇಷ್ಟು ದಿನ ಮಾಡಿದ್ದೆಂದರೆ ಧೂಳಿಗೆ ಮುಖಗವಸು, ಗದ್ದಲಕ್ಕೆ ಕಿವಿಹತ್ತಿ ಹಂಚಿ ನಗೆಪಾಟಲಾದದ್ದು.

ಈಗ ಬೆರಳು ಕತ್ತರಿಸಿದ ಆ ಕಲ್ಲು ಕೊಯ್ಯುವ ಗರಗಸದ ರಕ್ಷಣೆಯ ಮುಚ್ಚಳ ಬಿಚ್ಚಿಟ್ಟದ್ದನ್ನು ಅವಳು ಬಂದ ದಿನವೇ ಕಂಡು ಮೇಸ್ತ್ರಿ ಅತ್ವಾನಿಗೆ ಹೇಳಿದ್ದಳು. ಮುಚ್ಚಳವಿದ್ದರೆ ಕೆಲಸ ಕುಂಟುತ್ತದೆಂದು ಬಿಚ್ಚಿಸಿದವನೇ ಅತ್ವಾ. "ಇವರು ದಕ್ಷಿಣದ ಸಯೀದಿಗಳಮ್ಮ, ಇವರಿಗೆ ತಾಗಿದ್ರೆ ಗರಗಸವೇ ಮೊಂಡಾಗತ್ತೆ," ಎಂದು ನಕ್ಕಿದ್ದ. ಸಯೀದಿಗಳೂ ನಕ್ಕಿದ್ದರು, ಖಲಫ್ ಎಲ್ಲರಿಗಿಂತ ಜೋರಾಗಿ.

ಬೆರಳು ಸಿಕ್ಕರೆ ದೊಡ್ಡಾಸ್ಪತ್ರೆಯಲ್ಲಿ ಮತ್ತೆ ಕೂಡಿಸಬಹುದು, ತಡವಾದರೆ ಇಲ್ಲ ಎಂದು ಅವಳು ಬಿಡಿಸಿ ಹೇಳಿದ ಮೇಲೆ ಮುದುಕ ಗಾದ್ ಬಾಯಿ ಬಿಟ್ಟ.

"ಹರೀದಿ ಅದಕ್ಕ ಮಣ್ಣು ಕೊಟ್ಟಾನ, ಡಾಕ್ಟರಬಾಯಿ."

ಹರೀದಿ ಖಲಫ್‌ನ ಅಣ್ಣ. ತಮ್ಮನ ಮಾಂಸ ನಾಯಿಪಾಲಾಗಬಾರದೆಂದು ಅದನ್ನು ತೊಳೆದು, ತನ್ನ ತಲೆವಸ್ತ್ರದಲ್ಲಿ ಸುತ್ತಿ, ಶೆಡ್ಡಿನ ಹಿಂದೆ ಹೂತು, ಫಾತಿಹಾ ಪ್ರಾರ್ಥನೆ ಓದಿದ್ದ. ಹಿರಿಯರು ಮಾಡುತ್ತ ಬಂದದ್ದೇ ಅದು. ಆ ಕರ್ತವ್ಯ ತೀರಿಸಿ, ಎರಡನೆಯದನ್ನು ತೀರಿಸಲು ಕಬ್ಬಿಣದ ಸಲಾಕೆ ಹಿಡಿದು ಅತ್ವಾನನ್ನು ಹುಡುಕಿಕೊಂಡು ಹೋಗಿದ್ದ.

ವಿಸಾಲ್ ಮುದುಕನ ಅಂಗೈಗಳನ್ನು ಗಾಯದ ಮೇಲೆ ಒತ್ತಿಸಿ, ಬಿಟ್ಟರೆ ಹುಡುಗ ಸಾಯುತ್ತಾನೆಂದು ಹೆದರಿಸಿ ಓಡಿದಳು.

ಅಂಗಳದಲ್ಲಿ ಹರೀದಿ ಅತ್ವಾನ ಎದೆಯ ಮೇಲೆ ಕೂತಿದ್ದ. ಸಲಾಕೆ ಪಕ್ಕದಲ್ಲಿ ಬಿದ್ದಿತ್ತು. ಅವನು ಮುಷ್ಟಿಯಿಂದಲೇ ಹೊಡೆಯುತ್ತಿದ್ದ, ಅವಸರವಿಲ್ಲದೆ, ಮೊಳೆ ಬಡಿಯುವ ಹಾಗೆ. ಅತ್ವಾನ ಮೂಗು ಒಂದು ಕಡೆಗೆ ವಾಲಿತ್ತು, ಬಲಗಣ್ಣು ಊದಿ ಮುಚ್ಚಿಹೋಗಿತ್ತು. ಹತ್ತಾರು ಜನ ನಿಂತು ನೋಡುತ್ತಿದ್ದರು. ಬಿಡಿಸುವ ಮನಸ್ಸು ಯಾರಿಗೂ ಇರಲಿಲ್ಲ, ನಿಜ ಹೇಳಬೇಕೆಂದರೆ ಒಂದು ಗಳಿಗೆ ವಿಸಾಲ್‌ಗೂ ಇರಲಿಲ್ಲ. ಇನ್ನೊಂದು ಬೀಳಲಿ ಎಂದು ಅವಳೂ ಬಯಸಿದಳು.

ಆಮೇಲೆ ಹೋಗಿ ಹರೀದಿಯ ತೋಳು ಹಿಡಿದಳು. ಅವನು ತಿರುಗಿಯೂ ನೋಡದೆ ಕೊಡವಿದ. ಮೊಣಕೈ ಬಾಯಿಗೆ ಬಡಿದು ಅವಳು ಹಿಂದಕ್ಕೆ ಬಿದ್ದಳು. ತುಟಿ ಸೀಳಿ ಬಾಯಿ ತುಂಬ ರಕ್ತ. ಎದ್ದು ಕೂರುವಷ್ಟರಲ್ಲಿ ಹರೀದಿ ಸಲಾಕೆ ಎತ್ತಿಕೊಂಡಿದ್ದ.

"ಹರೀದಿಯಣ್ಣ, ಬೆರಳು ತೆಗೆದುಕೊಡಿ."

"ಹೂತದ್ದನ್ನ ಕೆದರಬಾರದು."

"ಸತ್ತದ್ದನ್ನ ಹೂಳ್ತಾರೆ," ಎಂದಳು ರಕ್ತ ಉಗಿದು. "ಅದಿನ್ನೂ ಸತ್ತಿಲ್ಲ."

ಸಲಾಕೆ ಗಾಳಿಯಲ್ಲೇ ನಿಂತಿತು. ಅವನು ಅವಳನ್ನು ಮೊದಲ ಸಲ ನೋಡುವವನಂತೆ ನೋಡಿದ. ಡ್ರೈವರುಗಳೆಲ್ಲ ಗಣಿಗೆ ಹೋಗಿದ್ದಾರೆ, ಆಂಬುಲೆನ್ಸು ಈ ಗುಡ್ಡ ಹತ್ತಿ ಯಾವಾಗ ಬರುವುದೋ ದೇವರಿಗೇ ಗೊತ್ತು ಎಂದು ಅವಳು ಹೇಳುತ್ತ ಹೋದಳು. "ಇಲ್ಲಿ ಗಾಡಿ ಓಡಿಸೋಕೆ ಬರೋದು ಇವನೊಬ್ಬನಿಗೆ. ಕೊಲ್ಲೋದಾದ್ರೆ ಕೊಲ್ಲಿ. ತಮ್ಮನ ಹೆಬ್ಬೆರಳನ್ನೂ ಕೊಂದ ಹಾಗೆ."

ಹರೀದಿ ಸಲಾಕೆ ಬಿಸಾಡಿ ಎದ್ದ.

ಶೆಡ್ಡಿನ ಹಿಂದೆ ಅವನು ಎರಡೂ ಕೈಯಿಂದ ಮಣ್ಣು ಬಗೆದ. ಹೂತದ್ದನ್ನು ಕೆದರಿದ್ದಕ್ಕೆ ತುಟಿಯಲ್ಲೇ ಕ್ಷಮೆ ಬೇಡುತ್ತಿದ್ದ. ಸಿಕ್ಕ ಗಂಟನ್ನು ವಿಸಾಲ್ ಬಿಚ್ಚಿ, ಬೆರಳನ್ನು ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗೇಟಿನ ಬಳಿಯ ಸೋಡಾ ಅಂಗಡಿಯ ಐಸು ತುಂಬಿದ ಡಬ್ಬಿಯಲ್ಲಿ ಇಟ್ಟಳು. ಖಲಫ್‌ನನ್ನು ಮೇಸ್ತ್ರಿಯ ಗಾಡಿಯ ಹಿಂದಿನ ಸೀಟಿಗೆ ಹತ್ತಿಸಿ ಕೈ ಎತ್ತಿ ಹಿಡಿದು ತಾನೂ ಕೂತಳು. ಡಬ್ಬಿಯನ್ನು ಮುಂದೆ ಕೂತ ಹರೀದಿಯ ತೊಡೆಯ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿದುಕೊಳ್ಳಿ, ಅಲುಗಬಾರದು ಎಂದಳು.

ಅತ್ವಾನನ್ನು ನಾಲ್ಕು ಜನ ಎತ್ತಿ ತಂದು ಎಡಗಡೆಯ ಸ್ಟೇರಿಂಗ್ ಮುಂದೆ ಕೂರಿಸಿದರು. ಅವನು ಕೀಲಿ ತಿರುಗಿಸಲಿಲ್ಲ.

"ಬಲಗಡೆ ಏನೂ ಕಾಣಲ್ಲ ನನಗೆ," ಎಂದ, ಒಡೆದ ಹಲ್ಲಿನ ಸಂದಿಯಿಂದ.

ಹರೀದಿಯ ಗೆಣ್ಣುಗಳ ಮೇಲೆ ಅತ್ವಾನ ರಕ್ತ ಇನ್ನೂ ಒಣಗಿರಲಿಲ್ಲ.

"ನನಗ ಕಾಣತೈತಿ," ಎಂದ ಹರೀದಿ. "ನಡಿ."

ಗಾಡಿ ಗೇಟು ದಾಟಿ ಇಳಿಜಾರಿಗೆ ಬಿತ್ತು. ಬಲಗಡೆ ಬಿಳಿ ಧೂಳಿನಲ್ಲಿ ಕೆಟ್ಟುಹೋದ ಲಾರಿಗಳು ಸಾಲಾಗಿ ನಿಂತಿದ್ದವು. ಹರೀದಿ ಡಬ್ಬಿಯನ್ನು ಎದೆಗೊತ್ತಿಕೊಂಡು, ಕಿಟಕಿಯಾಚೆ ನೆಟ್ಟ ದೃಷ್ಟಿ ಕೀಳದೆ ಹೇಳುತ್ತ ಹೋದ.

"ಲಾರಿ ಐತಿ, ಎಡಕ್ಕ ತಗೋ. ಇನ್ನಷ್ಟು. ಹಾಂ, ದಾಟಿತು. ಮುಂದ ಗುಂಡಿ, ಸಾವಕಾಶ... ಈಗ ಹೊಡಿ."

ಅತ್ವಾ ಆ ದನಿಯ ಕಡೆಗೆ ತಲೆ ವಾಲಿಸಿಕೊಂಡು ಗಾಡಿ ಹೊಡೆಯುತ್ತಿದ್ದ.