ನಾಲ್ವರು ಜಯಮ್ಮಂದಿರ ಪುಟಕ್ಕೆ ಹೆಸರಿಟ್ಟ ನಾನು

ನಾನು ಹದಿನೇಳು ಸಾಲಿನ ಒಂದು ಪುಟ್ಟ ಪ್ರೋಗ್ರಾಂ. ನನಗೆ ಕೈಕಾಲಿಲ್ಲ, ತೂಕವಿಲ್ಲ. ಇದ್ದದ್ದು ಒಂದೇ ಕಸುಬು, ಹೆಸರಿಡುವುದು. ಹುಟ್ಟಿದ್ದು ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ಹೆತ್ತವಳು ಆ ಅಂಗಡಿಯ ದಾಕ್ಷಾಯಿಣಿ.

ಬೆನಕನಕಟ್ಟೆಯ ಮಹಿಳಾ ಸಂಘದವರು ಚಟ್ನಿಪುಡಿ, ಹಪ್ಪಳ ಮಾರಲು ಅವಳಿಂದ ವೆಬ್‌ಸೈಟ್ ಮಾಡಿಸಿದ್ದರು. ಒಬ್ಬೊಬ್ಬರ ಪದಾರ್ಥಕ್ಕೂ ಒಂದೊಂದು ಪುಟ. ಮೇಲೆ ಶೀರ್ಷಿಕೆ ಬರೆಯಿರಿ ಎಂದರೆ ಎಲ್ಲರೂ 'ಶ್ರೀ' ಎಂದು ಬರೆದು ಕೈಮುಗಿದರು. ಅದಕ್ಕೇ ನಾನು ಹುಟ್ಟಬೇಕಾಯಿತು. ಫಾರಂನಲ್ಲಿ ಮೂರು ಖಾನೆ: ಪದಾರ್ಥ, ಮಾಡಿದವರ ಹೆಸರು, ಗಂಡನ ಹೆಸರು. ಸಂಘದಲ್ಲಿ ನಾಲ್ವರು ಜಯಮ್ಮಂದಿರಿದ್ದದ್ದರಿಂದ ಆ ಮೂರನೆಯದು. ಮೂರನ್ನೂ ಪೋಣಿಸಿ ಶೀರ್ಷಿಕೆ ಕಟ್ಟಬೇಕು, ಅದನ್ನೇ ಇಂಗ್ಲಿಷ್ ಅಕ್ಷರಕ್ಕಿಳಿಸಿ ಪುಟದ ವಿಳಾಸ ಮಾಡಬೇಕು. ಒಂದೇ ವಿಳಾಸ ಮತ್ತೆ ಬಂದರೆ ಕೊನೆಗೆ 2, 3 ಎಂದು ಅಂಕಿ ಅಂಟಿಸಬೇಕು.

ಸಂಘದ ಕಾರ್ಯದರ್ಶಿ ಪುಟ್ಟತಾಯಮ್ಮನ ಕೈಗೆ ಬಂದ ಮೊದಲ ದಿನವೇ ತಬ್ಬಿಬ್ಬಾದೆ. ಗಂಡನ ಹೆಸರನ್ನು ಬಾಯಲ್ಲಿ ಆಡದವರು ಬೆರಳಲ್ಲಿ ಒತ್ತುತ್ತಾರೆಯೇ? ನಾಲ್ವರು ಜಯಮ್ಮಂದಿರೂ ಆ ಖಾನೆಯಲ್ಲಿ 'ನಮ್ಮನೆಯವರು' ಎಂದೇ ತುಂಬಿದರು. ನಾಲ್ವರದೂ ಹುಚ್ಚೆಳ್ಳು ಚಟ್ನಿಪುಡಿಯೇ. ಕೊಟ್ಟದ್ದನ್ನು ಪೋಣಿಸುವುದಷ್ಟೇ ನನಗೆ ಗೊತ್ತು. 'ಹುಚ್ಚೆಳ್ಳು ಚಟ್ನಿಪುಡಿ, ಜಯಮ್ಮ, ನಮ್ಮನೆಯವರು' ಎಂದು ನಾಲ್ಕು ಸಲ ಕಟ್ಟಿ, ವಿಳಾಸಗಳಿಗೆ ಅಂಕಿ ಅಂಟಿಸಿ ಸುಮ್ಮನಾದೆ.

ಮೂರನೇ ಜಯಮ್ಮ ಹುಚ್ಚೆಳ್ಳನ್ನು ಸೌದೆ ಒಲೆಯ ಸಣ್ಣ ಉರಿಯಲ್ಲಿ ಹುರಿಯುವವಳು. ಅವಳಿಗೆ ಅದುವರೆಗೆ ಒಂದೂ ಆರ್ಡರ್ ಬಂದಿರಲಿಲ್ಲ. ತಾಲ್ಲೂಕಿನ ವಸ್ತುಪ್ರದರ್ಶನದಲ್ಲಿ ಹಂಚಿದ್ದ ಅವಳ ಪೊಟ್ಟಣವೊಂದು ಒಬ್ಬ ಹಾಸ್ಟೆಲ್ ವಾರ್ಡನ್ ಕೈಗೆ ಸಿಕ್ಕಿತು. ಎಂಬತ್ತು ಮಕ್ಕಳಿಗೆ ತಿಂಗಳು ತಿಂಗಳೂ ಇದೇ ಬೇಕು ಎಂದು ಅವರು ಆರ್ಡರ್ ಹಾಕಲು ಕೂತರು. ಪೊಟ್ಟಣದ ಮೇಲೆ ಅಚ್ಚಾಗಿದ್ದ ಪುಟದ ವಿಳಾಸವನ್ನು ಒತ್ತುವಾಗ, ಕೊನೆಯ 3 ಪೊಟ್ಟಣದ ಸಂಖ್ಯೆ ಇರಬೇಕೆಂದು ಬಿಟ್ಟುಬಿಟ್ಟರು. ಆರ್ಡರ್ ಮೊದಲನೇ ಜಯಮ್ಮನಿಗೆ ಹೋಯಿತು. ಅವಳದು ಉಪ್ಪು ಮುಂದಾಗುವ ಕೈ.

ಮಕ್ಕಳು ತಟ್ಟೆ ಸರಿಸಿದ ಮಾರನೇ ದಿನ ವಾರ್ಡನ್ ಊರಿಗೇ ಬಂದರು.

"ನಾನು ಮೊದ್ಲು ತಿಂದಿದ್ದು ಈ ಪುಡಿ ಅಲ್ಲ. ಆ ಜಯಮ್ಮ ಯಾರು? ಇವತ್ತು ಸಿಗದಿದ್ರೆ ಬೇರೆ ಕಡೆ ನೋಡ್ಕೋತೀನಿ."

ಯಾವ ಅಂಕಿ ಯಾವ ಜಯಮ್ಮನದೆಂದು ಸಂಘದಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಪುಟ್ಟತಾಯಮ್ಮ ಅವರು ತಂದಿದ್ದ ಹಳೇ ಪೊಟ್ಟಣದ ವಿಳಾಸ ಓದಿ ಹಣೆ ಚಚ್ಚಿಕೊಂಡಳು. "ನಮ್ಮನೆಯವರು ಮೂರಂತೆ! ಯಾರ್ರೇ ಮೂರು ಕಟ್ಕಂಡಿರೋಳು?"

"ಒಂದನ್ನ ಸಾಕೋದೇ ಸಾಕಾಗೈತೆ ಕಣಕ್ಕ," ಎಂದಳು ಎರಡನೇ ಜಯಮ್ಮ.

ಮೂರನೇ ಜಯಮ್ಮ ಮಾತ್ರ ನಗಲಿಲ್ಲ. "ತಿಂದೇ ಹೇಳ್ಲಿ ಬಿಡಿ," ಎಂದು ನಾಲ್ವರ ಪುಡಿಯನ್ನೂ ಮುತ್ತುಗದ ಎಲೆಗಳ ಮೇಲೆ ಹಾಕಿಟ್ಟಳು. ವಾರ್ಡನ್ ಒಂದೊಂದೇ ಚಿಟಿಕೆ ಬಾಯಿಗಿಟ್ಟರು. ಕೊನೆಯ ಎಲೆಯಿಂದ ಎರಡು ಚಿಟಿಕೆ ತೆಗೆದರು. "ಇದೇ ಕೈ."

ಅದು ಅವಳದೇ ಎಲೆ. ಅವಳು ಆಗ ನಕ್ಕಳು.

ಇನ್ನೊಮ್ಮೆ ಹೀಗಾಗಬಾರದೆಂದು ದಾಕ್ಷಾಯಿಣಿಯನ್ನು ಕರೆಸಿದರು. ಗಂಡನ ಹೆಸರು ಬರೆಯಲೇಬೇಕೆಂದು ಅವಳು ಹಟ ಹಿಡಿದಳು. ಎಲ್ಲರೂ ಸೆರಗು ಎಳೆದುಕೊಂಡರು. ಎರಡನೇ ಜಯಮ್ಮನೇ ಮೂರನೆಯವಳತ್ತ ಕೈಮಾಡಿ ದಾರಿ ತೋರಿದಳು: "ಇವಳ ಗಂಡನ ಹೆಸ್ರು ನಾನು ಹೇಳೋಕೇನು ದಾಡಿ? ಬರ್ಕಳವ್ವ, ಬೋರಲಿಂಗಯ್ಯ." ಹೀಗೆ ಒಬ್ಬರ ಗಂಡನನ್ನು ಇನ್ನೊಬ್ಬರು ಹೇಳಿ ಖಾನೆಗಳು ತುಂಬಿದವು. ನಾನು ಅಂಕಿಗಳನ್ನು ಕಿತ್ತು ಹೊಸದಾಗಿ ಪೋಣಿಸಿದೆ.

ಆದರೆ ಫೋನಿನಲ್ಲಿ ಯಾರಾದರೂ ಪುಟದ ಹೆಸರು ಕೇಳಿದರೆ ಮೂರನೇ ಜಯಮ್ಮ "ಹುಚ್ಚೆಳ್ಳು ಚಟ್ನಿಪುಡಿ, ಜಯಮ್ಮ..." ಎಂದು ನಿಲ್ಲುತ್ತಿದ್ದಳು. "ವಸಿ ತಡೀರಿ," ಎಂದು ಜಗಲಿಯತ್ತ ಕೂಗುತ್ತಿದ್ದಳು. "ಏನಂದ್ರೆ, ಬನ್ನಿ ಇಲ್ಲಿ. ಮಿಕ್ಕಿದ್ದು ಹೇಳಿ." ಅವನು ಬೀಡಿ ಕೆಳಗಿಟ್ಟು ಬಂದು, ಗಂಟಲು ಸರಿಮಾಡಿಕೊಂಡು "ಬೋರಲಿಂಗಯ್ಯ" ಎಂದು ಹೇಳಿ ಹೋಗುತ್ತಿದ್ದ. ಆರ್ಡರ್ ಹೆಚ್ಚಿದಂತೆಲ್ಲ ಅವನ ಬೀಡಿ ಕಡಿಮೆಯಾಯಿತು.

ಈಗ ಹೊಸ ಪ್ರೋಗ್ರಾಂ ಬಂದಿದೆ. ನನ್ನನ್ನು ಬಳಕೆಯಲ್ಲಿಲ್ಲದವರ ಪಟ್ಟಿಗೆ ಸೇರಿಸಿದ್ದಾರೆ. ಬೇಸರವಿಲ್ಲ. ಗಿರಾಕಿಗಳು ದಾರಿ ತಪ್ಪಬಾರದೆಂದು ನಾನಿಟ್ಟ ವಿಳಾಸಗಳನ್ನು ಹಾಗೇ ಬಿಟ್ಟಿದ್ದಾರೆ.

ಮೊನ್ನೆ ಬೋರಲಿಂಗಯ್ಯ ಊರಲ್ಲಿರಲಿಲ್ಲ. ಫೋನು ಬಂತು. ಜಯಮ್ಮ ಅತ್ತಿತ್ತ ನೋಡಿದಳು, ಬಾಗಿಲು ಮುಂದೆ ಮಾಡಿದಳು. ನಾನು ಒಂದು ಗೆರೆಯಲ್ಲಿ ಜೋಡಿಸಿದ್ದನ್ನು ಒಂದೇ ಉಸಿರಿಗೆ ಪೂರ್ತಿ ಹೇಳಿ ನಾಲಿಗೆ ಕಚ್ಚಿಕೊಂಡಳು.

ಆ ಕಡೆಯವರು ಹಾಗೇ ಒತ್ತಿದರು. ಪುಟ ತೆರೆಯಿತು.