ಹೋರಿ ಬಿದ್ದದ್ದು ಶೇಖನ ಬಾಗಿಲಿಗೆ

ಹೋರಿಯ ಹಿಂಗಾಲು ಇನ್ನೂ ಒದೆಯುತ್ತಿತ್ತು, ಯಾರನ್ನೋ ಅಟ್ಟುವ ಹಾಗೆ, ರಕ್ತ ಶೇಖ್ ಮುಕ್ಬಿಲನ ಹೊಸ್ತಿಲ ಕಲ್ಲಿನವರೆಗೆ ಹರಿದು ನಿಂತಿತ್ತು — ಶೇಖನ ಹೊಸ್ತಿಲಿಗೇ, ಮತ್ತೆಲ್ಲಿಗೆ, ಮುರಿದದ್ದು ಪಿನ್ಹಾಸನ ಹೆಬ್ಬೆರಳು, ಹೋರಿ ಬಿದ್ದದ್ದು ಶೇಖನ ಬಾಗಿಲಿಗೆ. ಗೋಡೆಗೆ ಒರಗಿ ಕೂತ ಪಿನ್ಹಾಸ್ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ, ಕಟ್ಟು ಬಿಚ್ಚಿದ ಮೇಲೂ ಹೆಬ್ಬೆರಳು ಗೂಟದ ಹಾಗೆ ನೆಟ್ಟಗೆ, ಮಡಚು ಅಂದರೆ ಮಡಚದು, ಬೆಳ್ಳಿ ಕೆಲಸದವನು ಇನ್ನು ತಂತಿ ಹಿಡಿಯುವುದು ಯಾವುದರಲ್ಲಿ, ಹಲ್ಲಿನಲ್ಲೇ? ಅಗೋ ಅವನು, ಕಣಿವೆಯಾಚೆಯ ಕುಲದ ಹಿಜಾಮ್, ತಪ್ಪುಕಾಣಿಕೆಗೆ ಹೋರಿ ತಂದು ಕೊಯ್ಸಿದವನು, ಮುಂಡಾಸು ಬಿಚ್ಚಿ ಕೊರಳಿಗೆ ಹಾಕಿಕೊಂಡು ತಲೆ ತಗ್ಗಿಸಿ ನಿಂತಿದ್ದಾನೆ, ಬಲು ಸಾಧು, ಸಂತೆಯ ದಾರಿಯಲ್ಲಿ ಬೇರೆ ನಾಲಗೆ ಇತ್ತಲ್ಲ, ಏಯ್ ಯಹೂದಿ, ನಾನು ನಡ್ಕೊಂಡು ಬರ್ತಿದ್ರೆ ನೀನು ಕತ್ತೆ ಮೇಲೆ ಕೂತಿರ್ತೀಯೇನೋ, ಇಳಿಯೋ ಕೆಳಗೆ. ಅಣ್ಣಾ ತೂಕಡಿಸ್ತಿದ್ದೆ, ನೋಡ್ಲಿಲ್ಲ — ಅಷ್ಟರಲ್ಲಿ ಕೋವಿಯ ಹಿಡಿ ಕೈಯ ಮೇಲೆ, ಆ ಸದ್ದು, ಒಣಕಡ್ಡಿಯದು. ಅಳುತ್ತಾ ಬಂದು ನಿಂತರೆ ಶೇಖ್ ಕೈ ನೋಡಲಿಲ್ಲ, ಕೇಳಿದ್ದು ಒಂದೇ, ನೀನು ನಮ್ಮವನು ಅಂತ ಅವನಿಗೆ ಗೊತ್ತಿತ್ತಾ, ಅದನ್ನ ಹೇಳು ಮೊದಲು. ನಮ್ಮವನು! ನಮ್ಮ ಬಾವಿ, ನಮ್ಮ ಮೇಕೆ, ನಮ್ಮ ಯಹೂದಿ. ಅಜ್ಜನ ಅಜ್ಜನ ಮೂಳೆ ಇದೇ ಮಣ್ಣಿನಲ್ಲಿದೆ, ಇವರ ಹೆಣ್ಣುಮಕ್ಕಳ ಕೊರಳಿನ ಬೆಳ್ಳಿ ನಮ್ಮ ಮನೆಯದು, ಇವರ ಸೊಂಟದ ಬಾಕುಗಳ ಒರೆ ನಮ್ಮ ಮನೆಯದು, ನಮ್ಮ ಸೊಂಟ ಮಾತ್ರ ಬರಿದು, ಬಾಕು ಕಟ್ಟುವುದು ಗಂಡಸರು, ನಾವು ಗಂಡಸರಲ್ಲ, ನೆರಳಿಗೆ ಬಂದವರು. ಸುಳ್ಳೇಕೆ, ಇದೇ ಶೇಖನ ತಮ್ಮ ನನ್ನ ಮದುವೆಯ ದಿಬ್ಬಣ ಕಾಯುತ್ತಾ ಗುಂಡು ತಿಂದು ಸತ್ತ, ಅದೂ ನಿಜ, ಅದಕ್ಕೇ ಈ ಸಿಟ್ಟು ಎಲ್ಲೂ ಇಳಿಯುವುದಿಲ್ಲ, ಪೂರ್ತಿ ಕೆಟ್ಟವರಾಗಿದ್ದರೆ ಶಪಿಸಿ ಹಗುರಾಗಬಹುದಿತ್ತು. ಚರ್ಮ ಸುಲಿಯುತ್ತಿದ್ದವನೊಬ್ಬ ಕೂಗಿದ, ಪಿನ್ಹಾಸಾ, ನಿನ್ನ ಬೆರಳಿನ ಪುಣ್ಯ ಕಣೋ ಇವತ್ತಿನ ಊಟ, ಇನ್ನೊಂದೂ ಮುರಿಸ್ಕೋ, ಹಬ್ಬಕ್ಕಾಗುತ್ತೆ! ಎಲ್ಲರೂ ನಕ್ಕರು, ಪಿನ್ಹಾಸನೂ ಹಲ್ಲು ಬಿಟ್ಟ, ಥೂ, ಯಾಕೆ ನಕ್ಕೆ, ಈ ಮಾಂಸವನ್ನು ನಾನು ತಿನ್ನುವ ಹಾಗೂ ಇಲ್ಲ, ನಮ್ಮವರ ಚೂರಿ ಕೊಯ್ದದ್ದಲ್ಲ, ನನ್ನ ನೋವಿಗೆ ಇವರ ಹೊಟ್ಟೆ ತುಂಬಬೇಕು. ಹೆಬ್ಬೆರಳು ಒಳಗೊಳಗೇ ಮಿಡಿಯುತ್ತಿದೆ, ಮೇಲೆ ಗೂಟ.

ಹಿಜಾಮ್ ಸೊಂಟದ ಬಾಕನ್ನು ಒರೆಯ ಸಮೇತ ಬಿಚ್ಚಿ ಶೇಖನ ಎದುರು ಹಿಡಿದ, ಇನ್ನು ಶೇಖ್ ಅದನ್ನು ಅವನಿಗೇ ತಿರುಗಿ ಕೊಟ್ಟರೆ ತಪ್ಪು ಮುಗಿಯಿತು, ಮರ್ಯಾದೆ ಮರ್ಯಾದೆಗೆ ಸಮ, ನಡುವೆ ಬೆರಳು ಮುರಿಸಿಕೊಂಡವನ ಮಾತು ಒಂದೇ ಒಂದು, ಅದೂ ಶಾಸ್ತ್ರಕ್ಕೆ. ಶೇಖ್ ಕೇಳಿದ, ಏನಯ್ಯಾ ಪಿನ್ಹಾಸ, ಎದೆ ತಣ್ಣಗಾಯ್ತಾ? ಬೆಳಿಗ್ಗೆ ಹೆಂಡತಿ ಲುಲ್ವಾ ಅಂದಿದ್ದಳು, ಬದ್ರಾಳ ಅಪ್ಪಾ, ಹೂಂ ಅಂದ್ಬಿಟ್ಟು ಬನ್ನಿ, ನಾಳೆ ಇವರು ಕೈಬಿಟ್ರೆ ನಮ್ಮನ್ನ ಯಾರು ಕಾಯ್ತಾರೆ — ಹೂಂ, ಎಷ್ಟು ಸಣ್ಣ ಶಬ್ದ, ಅಜ್ಜ ಅಂದ, ಅಪ್ಪ ಅಂದ, ಗಂಟಲವರೆಗೆ ಬಂತು, ಬಾಯಿಂದ ಬಿದ್ದದ್ದು ಬೇರೆ. ಇಲ್ಲ. ಬೆರಳು ನಂದು ಶೇಖ್‌ರೇ, ಬಾಕು ನನ್ನ ಕೈಗೆ ಕೊಡ್ಲಿ, ನಾನು ತಿರುಗಿ ಕೊಟ್ರೆ ಕ್ಷಮೆ, ಇಲ್ಲಾಂದ್ರೆ ಇಲ್ಲ. ಸುಲಿಯುವ ಕೈ ನಿಂತಿತು, ಯಹೂದಿ ಕೈಗೆ ಬಾಕಾ, ಅಂದ ಹಿಜಾಮ್, ತಲೆ ಈಗ ತಗ್ಗಿರಲಿಲ್ಲ, ಅವನ ಕಡೆಯವರು ಎದ್ದರು, ಮುಗಿಯಿತು, ಲುಲ್ವಾ, ಮಕ್ಕಳು, ಮನೆ, ಎಲ್ಲ ಒಂದು ಮಾತಿಗೆ ಸುಟ್ಟೆ, ಸುಡಲಿ. ಶೇಖ್ ಮೊದಲ ಸಲ ಮುಖ ಬಿಟ್ಟು ಕೈಯನ್ನು ನೋಡಿದ, ಹಿಜಾಮನ ಕಡೆ ತಿರುಗಿದ. ಆ ಒರೆ ಮಾಡಿದ್ದೇ ಅವನಲ್ವೇನೋ, ಮುಟ್ಟಿದ್ರೆ ಸವೆದು ಹೋಗುತ್ತಾ? ಕೊಡು. ಕೊಡ್ತೀಯೋ, ಹೋರಿ ತಿರುಗಿ ಹೊತ್ಕೊಂಡು ಹೋಗ್ತೀಯೋ?

ಹಿಜಾಮನ ಉಸಿರು ಮುಖಕ್ಕೆ ತಗುಲಿತು, ಬಾಕು ಅಂಗೈಗೆ ಬಂತು, ಭಾರ, ತಾನೇ ಎಳೆದ ತಂತಿಯ ಎಲೆಗಳು ಒರೆಯ ಮೇಲೆ, ಒಂದೇ ಒಂದು ಉಸಿರಿನಷ್ಟು ಹೊತ್ತು ಇವರ ಹಾಗೆ ಬಿಗಿಯಾಗಿ ಹಿಡಿದು, ಇವನನ್ನು ಕಾಯಿಸಿ, ಆಮೇಲೆ ಕೊಡುತ್ತೇನೆ — ನಾಲ್ಕು ಬೆರಳು ಸುತ್ತಿಕೊಂಡವು, ಮಡಚು, ಈಗಲಾದರೂ ಮಡಚು ದರಿದ್ರವೇ, ಎಲ್ಲರೂ ನೋಡುತ್ತಿದ್ದಾರೆ, ಬಾಕು ಜಾರುತ್ತಿದೆ, ಎಡಗೈ ತರಬೇಡ, ತರಬೇಡ, ಮಡಚು — ಹೆಬ್ಬೆರಳು, ನೆಟ್ಟಗೆ, ಹೆಬ್ಬೆರಳು.